ಆಸ್ಪತ್ರೆ ನೋಡಿ ಕಾಲೇಜು ಆರಿಸುವುದು



ದತ್ತಿ ಉಪನ್ಯಾಸಗಳಿಗೆ ಸಾಮಾನ್ಯವಾಗಿ ಸಾಹಿತ್ಯದ್ದೋ ಇತಿಹಾಸದ್ದೋ ವಿಷಯ ಇಟ್ಟುಕೊಳ್ಳುವುದು ರೂಢಿ. ಸಂಘಟಕರು ಆಯ್ಕೆಯನ್ನು ನನಗೇ ಬಿಟ್ಟಾಗ ನಾನು ಇನ್ನೊಂದು ವಿಷಯ ಕೇಳಿ ತೆಗೆದುಕೊಂಡೆ. ನೀಟ್ ಬರೆದು, ರ‍್ಯಾಂಕ್ ಬಂದು, ಎರಡು ಮೂರು ಕಡೆ ಸೀಟು ಸಿಗುವಂತಿದ್ದಾಗ ನಮ್ಮ ದಂಡಿಗನಹಳ್ಳಿ ಹೋಬಳಿಯ ಮಗು ಯಾವ ವೈದ್ಯಕೀಯ ಕಾಲೇಜಿಗೆ ಸೇರಬೇಕು? ಸೀಟು ಗಿಟ್ಟಿಸುವುದು ಹೇಗೆಂದು ಕೋಚಿಂಗ್ ಸೆಂಟರುಗಳು ವರ್ಷವಿಡೀ ಹೇಳಿಕೊಡುತ್ತವೆ. ಸಿಗುವ ಸೀಟುಗಳಲ್ಲಿ ಯಾವುದು ಒಳ್ಳೆಯದು ಎಂದು ಯೋಚಿಸಲು ಮಾತ್ರ ಮನೆಯವರಿಗೆ ಸಿಗುವುದು ಬೇಕಾದ ಕಾಲೇಜುಗಳ ಪಟ್ಟಿ ತುಂಬುವ ಆಪ್ಷನ್ ಎಂಟ್ರಿಯ ಆ ಕೆಲವೇ ದಿನ. ಆ ದಿನಗಳಲ್ಲಿ ಚನ್ನರಾಯಪಟ್ಟಣದ ಸೈಬರ್ ಸೆಂಟರಿನಲ್ಲಿ, ಹಿಂದೆ ನಿಂತವರ ಗಡಿಬಿಡಿಯ ನಡುವೆ, ಐದೂವರೆ ವರ್ಷದ ಬದುಕು ತೀರ್ಮಾನವಾಗಿಬಿಡುತ್ತದೆ. ಜೀವಶಾಸ್ತ್ರ ಕಲಿಸಿದ ಮೇಷ್ಟ್ರಾಗಿ ಇದನ್ನು ಬಹಳ ಸಲ ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ವಿಷಯ.

ನನ್ನ ಮಾತು ನಾಲ್ಕು ಭಾಗದಲ್ಲಿದೆ. ಆಯ್ಕೆ ಎಂಬುದು ನಮಗೆ ಯಾವಾಗ, ಹೇಗೆ ಬಂತು ಎಂಬುದು ಮೊದಲು. ಕಾಲೇಜಿನಲ್ಲಿ ಏನು ನೋಡಬೇಕು ಎಂಬುದು ಎರಡನೆಯದು. ಅದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಆಮೇಲೆ ದುಡ್ಡಿನ ಮಾತು. ಕೊನೆಗೆ ದೂರ, ಭಾಷೆ ಮತ್ತು ಆ ಆಪ್ಷನ್ ಪಟ್ಟಿ.

ಮೊದಲಿಗೆ ಸ್ವಲ್ಪ ಚರಿತ್ರೆ. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಆಗ ಹಾಸನ ಸೀಮೆಯ ಹುಡುಗ ಡಾಕ್ಟರಾಗಬೇಕೆಂದರೆ ಸಂಸ್ಥಾನದೊಳಗೆ ಇದ್ದದ್ದು ಅದೊಂದೇ ಕಾಲೇಜು. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ತೆರೆದರು. 1955ರಲ್ಲಿ ಬೆಂಗಳೂರು, 1957ರಲ್ಲಿ ಹುಬ್ಬಳ್ಳಿ. ಅರವತ್ತರ ದಶಕದಲ್ಲಿ ಬೆಳಗಾವಿ, ಕಲಬುರಗಿ, ದಾವಣಗೆರೆ ಸೇರಿದವು. ಎಂಬತ್ತರ ದಶಕಕ್ಕೆ ಬರುವ ಹೊತ್ತಿಗೆ ಕಾಲೇಜುಗಳು ಹೆಚ್ಚಿದ್ದವು, ಜೊತೆಗೆ ಡೊನೇಷನ್ನೂ ಬೆಳೆದಿತ್ತು. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿ ನಮ್ಮ ರಾಜ್ಯ 1984ರಲ್ಲಿ ಕಾನೂನು ಮಾಡಿತು. ಆದರೂ 1989ರ ಸರ್ಕಾರಿ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000ದವರೆಗೆ ಎಂದು ದರ ಕಟ್ಟಿತು. ಅದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ, ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷ, ಸೀಟು ಹಂಚಿಕೆಗೆ ಅರ್ಹತೆಯೇ ಆಧಾರ ಎಂದ ಉನ್ನಿಕೃಷ್ಣನ್ ತೀರ್ಪು ಬಂತು. 1994ರಿಂದ ಸಾಮಾನ್ಯ ಪ್ರವೇಶ ಪರೀಕ್ಷೆ, ಸಿಇಟಿ. ದುಡ್ಡಿಲ್ಲದ ಮನೆಯ ಮಗುವೂ ಅಂಕಪಟ್ಟಿ ಹಿಡಿದುಕೊಂಡು ಹೋಗಿ ಕಾಲೇಜನ್ನು ತಾನೇ ಆರಿಸಬಹುದು ಎಂಬ ಸ್ಥಿತಿ ನಮ್ಮಲ್ಲಿ ಬಂದದ್ದು ಆಗ. ಅದಕ್ಕೆ ಇನ್ನೂ ನೂರು ವರ್ಷವಾಗಿಲ್ಲ, ಐವತ್ತೂ ಆಗಿಲ್ಲ. ಅದನ್ನು ಹಗುರವಾಗಿ ಬಳಸಬಾರದು ಎಂಬುದಕ್ಕೆ ಇಷ್ಟು ಹೇಳಿದೆ.

2006 ನಮ್ಮ ಜಿಲ್ಲೆಗೆ ಮುಖ್ಯವಾದ ವರ್ಷ. ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೆ ಸೇರಿಕೊಂಡು ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾವೆಲ್ಲ ಹಿಮ್ಸ್ ಎನ್ನುವುದು, ಶುರುವಾಯಿತು. ಅದೇ ವರ್ಷ ಮಂಡ್ಯದಲ್ಲೂ. 2016ರಲ್ಲಿ ಕೊಡಗು ಮತ್ತು ಚಾಮರಾಜನಗರ, 2022ರಲ್ಲಿ ಚಿಕ್ಕಮಗಳೂರು. ಬೆಳ್ಳೂರು ಕ್ರಾಸಿನ ಹತ್ತಿರ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು 1986ರಿಂದಲೂ ಇದೆ. ಹೀಗೆ ಇಂದು ದಂಡಿಗನಹಳ್ಳಿಯಿಂದ ಎರಡು ಎರಡೂವರೆ ಗಂಟೆಯ ಹಾದಿಯೊಳಗೆ ಐದಾರು ವೈದ್ಯಕೀಯ ಕಾಲೇಜುಗಳಿವೆ. ನಮ್ಮ ಅಜ್ಜಂದಿರು ಊಹಿಸಿರದ ಮಾತಿದು.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ: ಏನು ನೋಡಬೇಕು?

ಮನೆಯವರು ಮೊದಲು ಕೇಳುವುದು ಕಾಲೇಜಿನ ಹೆಸರು, ಆಮೇಲೆ ದೇಶದಲ್ಲಿ ಅದರ ಸ್ಥಾನ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಲ್ಲಿ ಬಂತು, ವೈದ್ಯಕೀಯ ವಿಭಾಗ 2018ರಲ್ಲಿ ಸೇರಿತು. ಆ ಪಟ್ಟಿ ಸಂಶೋಧನಾ ಪ್ರಬಂಧಗಳನ್ನು ಎಣಿಸುತ್ತದೆ, ಅಧ್ಯಾಪಕರನ್ನು ಎಣಿಸುತ್ತದೆ, ಜನರ ಅಭಿಪ್ರಾಯಕ್ಕೂ ಅಂಕ ಕೊಡುತ್ತದೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಎಂಬಿಬಿಎಸ್ ವಿದ್ಯಾರ್ಥಿ ಎಷ್ಟು ಹೆರಿಗೆಗೆ ಕೈಜೋಡಿಸುತ್ತಾನೆ, ಎಷ್ಟು ಗಾಯಕ್ಕೆ ತಾನೇ ಹೊಲಿಗೆ ಹಾಕುತ್ತಾನೆ, ರಾತ್ರಿ ಎರಡು ಗಂಟೆಗೆ ಬಂದ ಎದೆನೋವಿನ ರೋಗಿಯ ಇಸಿಜಿಯನ್ನು ಅವನ ಕೈಗೆ ಯಾರಾದರೂ ಕೊಡುತ್ತಾರೆಯೇ, ಇದಾವುದನ್ನೂ ಆ ಪಟ್ಟಿ ಹೇಳುವುದಿಲ್ಲ.

ವೈದ್ಯಕೀಯ ಕಾಲೇಜೆಂದರೆ ಮುಖ್ಯವಾಗಿ ಒಂದು ಆಸ್ಪತ್ರೆ. ತೆಂಗಿನ ತೋಟ ಕೊಳ್ಳಲು ಹೋದವರು ಬೇಲಿಯ ಅಂದ ನೋಡುವುದಿಲ್ಲ, ಬೋರ್‌ವೆಲ್ಲಿನಲ್ಲಿ ಬೇಸಿಗೆಗೆ ನೀರು ನಿಲ್ಲುತ್ತದೆಯೇ ಎಂದು ಕೇಳುತ್ತಾರಲ್ಲ, ಹಾಗೆಯೇ ಇಲ್ಲಿಯೂ ಮೊದಲು ಕೇಳಬೇಕಾದದ್ದು ರೋಗಿಗಳ ಬಗ್ಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದ ಪ್ರಕಾರ 150 ಸೀಟಿನ ಕಾಲೇಜಿಗೆ 605 ಹಾಸಿಗೆಯ ಆಸ್ಪತ್ರೆ ಬೇಕು. ಹಾಸಿಗೆ ಹಾಕಿಸುವುದು ಸುಲಭ, ರೋಗಿ ಬರಬೇಕು. ತಪಾಸಣೆಯ ದಿನಕ್ಕೆಂದು ರೋಗಿಗಳನ್ನೂ ಅಧ್ಯಾಪಕರನ್ನೂ ತಂದು ತೋರಿಸುವ ಆರೋಪಗಳ ಮೇಲೆ 2025ರಲ್ಲಿ ಸಿಬಿಐ ದೇಶದ ಹಲವು ಖಾಸಗಿ ಕಾಲೇಜುಗಳ ವಿರುದ್ಧ ಪ್ರಕರಣ ದಾಖಲಿಸಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ. ಆದ್ದರಿಂದ ವೆಬ್‌ಸೈಟಿನ ಫೋಟೋ ನೋಡಿ ತೀರ್ಮಾನಿಸಬೇಡಿ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಹೋಗಿ ಆ ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲಲ್ಲಿ ನಿಲ್ಲಿ. ಚೀಟಿ ಬರೆಸುವ ಸಾಲು ಎಲ್ಲಿವರೆಗೆ ಬಂದಿದೆ ನೋಡಿ. ಹೆರಿಗೆ ವಾರ್ಡಿನ ಹೊರಗೆ ಎಷ್ಟು ಮನೆಯವರು ಕೂತಿದ್ದಾರೆ ನೋಡಿ. ಸಾಧ್ಯವಾದರೆ ರಾತ್ರಿ ಒಮ್ಮೆ ತುರ್ತು ಚಿಕಿತ್ಸಾ ವಿಭಾಗದ ಮುಂದೆ ಹಾದುಹೋಗಿ.

ಹಾಸನದಲ್ಲಿ ಈ ಪರೀಕ್ಷೆ ಮಾಡಿದವರಿಗೆ ಉತ್ತರ ಬೇಗ ಸಿಗುತ್ತದೆ. ಸಕಲೇಶಪುರದ ಕಾಫಿ ತೋಟದ ಕಾರ್ಮಿಕರು, ಅರಕಲಗೂಡಿನ ತಂಬಾಕು ಬೆಳೆಗಾರರು, ಹೊಳೆನರಸೀಪುರದ ಕಬ್ಬಿನ ಗದ್ದೆಯವರು, ನಮ್ಮ ಕಡೆಯ ತೆಂಗಿನವರು ಎಲ್ಲರೂ ಕೊನೆಗೆ ಬಂದು ಸೇರುವುದು ಅಲ್ಲಿಗೆ. ಹಾವು ಕಚ್ಚಿದವರು, ಔಷಧಿ ಹೊಡೆಯುವಾಗ ವಿಷವೇರಿದವರು, ಹೆದ್ದಾರಿಯ ಅಪಘಾತದವರು, ಕ್ಷಯದವರು, ರಕ್ತಹೀನತೆಯ ಬಸುರಿಯರು. ಪುಸ್ತಕದಲ್ಲಿ ಒಂದೊಂದು ಅಧ್ಯಾಯವಾಗಿರುವ ಕಾಯಿಲೆಗಳು ಅಲ್ಲಿ ಒಂದೇ ದಿನ ಎದುರಿಗೆ ನಿಲ್ಲುತ್ತವೆ. ಇಂಥ ಕಡೆ ಕಲಿತ ಹುಡುಗಿ ಮುಂದೆ ಯಾವ ತಾಲ್ಲೂಕು ಆಸ್ಪತ್ರೆಗೆ ಹೋದರೂ ಕೈ ನಡುಗುವುದಿಲ್ಲ.

2025ರ ಜೂನ್, ಜುಲೈ ತಿಂಗಳನ್ನು ನೆನಪಿಸಿಕೊಳ್ಳಿ. ಹೃದಯಾಘಾತದ ಸಾವುಗಳ ಸುದ್ದಿ ದಿನಾ ಬರುತ್ತಿತ್ತು. ಹಾಸನ ಎಂದರೆ ಸಾಕು, ಹೊರಗಿನವರು ಗಾಬರಿಯಿಂದ ನೋಡುತ್ತಿದ್ದರು. ಸಾವಿನ ಸಂಖ್ಯೆ ಅಸಹಜವಾಗಿ ಏರಿಲ್ಲ ಎಂದು ಸರ್ಕಾರದ ತಜ್ಞರ ಸಮಿತಿ ಆಮೇಲೆ ಹೇಳಿತು. ಆದರೆ ಆ ವಾರಗಳಲ್ಲಿ ನಮ್ಮ ಜಿಲ್ಲೆಯ ಜನ ನಸುಕಿಗೇ ಎದ್ದು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತರು. ಒಂದು ಇಸಿಜಿ ತೆಗೆಸಿ, ಅದನ್ನು ಓದಿ, ನಿನಗೇನೂ ಇಲ್ಲ ಹೋಗಪ್ಪ ಎಂದು ನಂಬಿಕೆಯಿಂದ ಹೇಳುವ ಡಾಕ್ಟರು ಹತ್ತಿರದಲ್ಲೇ ಸಿಗಬೇಕಿತ್ತು. ಹೋಬಳಿ ಮಟ್ಟದಲ್ಲಿ ಅಂಥವರು ಬೇಕೆಂದರೆ ಅವರು ಓದುವಾಗಲೇ ಇಸಿಜಿಗಳ ರಾಶಿಯ ನಡುವೆ ಓದಿರಬೇಕು. ಕಾಲೇಜಿನ ಆಯ್ಕೆಗೂ ನಮ್ಮೂರಿನ ಜೀವಗಳಿಗೂ ಇರುವ ನಂಟು ಇದು.

ಎಲ್ಲರೂ ಹಿಮ್ಸ್‌ಗೇ ಸೇರಲಿ ಎಂದು ನಾನು ಹೇಳುತ್ತಿಲ್ಲ. ಹೊಸ ಸರ್ಕಾರಿ ಕಾಲೇಜುಗಳ ತೊಂದರೆಗಳನ್ನೂ ಹೇಳಲೇಬೇಕು. ಅಧ್ಯಾಪಕರ ಹುದ್ದೆ ಖಾಲಿ ಬಿದ್ದಿರಬಹುದು. ಹೃದಯ, ಮೂತ್ರಪಿಂಡ, ನರರೋಗದಂಥ ವಿಭಾಗಗಳು ಬೆಂಗಳೂರು ಮೈಸೂರುಗಳಷ್ಟು ಬೆಳೆದಿರಲಾರವು. ಗಂಭೀರ ರೋಗಿಯನ್ನು ಮುಂದಕ್ಕೆ ಕಳಿಸಿದಾಗ ಅವನ ಕಥೆ ಹೇಗೆ ಮುಗಿಯಿತೆಂದು ವಿದ್ಯಾರ್ಥಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಕಡೆ, ದೊಡ್ಡ ಹಳೆಯ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಚ್ಚು. ವಾರ್ಡಿನ ಕೆಲಸವೆಲ್ಲ ಪಿಜಿಗಳ ಕೈಗೆ ಹೋಗಿ, ಇಂಟರ್ನ್‌ಗಳು ರಕ್ತದ ಮಾದರಿ ಹೊತ್ತು ಓಡಾಡುವುದರಲ್ಲೇ ವರ್ಷ ಮುಗಿಯುವುದೂ ಉಂಟು. ಆದ್ದರಿಂದ ಪ್ರಾಂಶುಪಾಲರನ್ನು ಕೇಳುವ ಬದಲು ಇಂಟರ್ನ್ ಒಬ್ಬರನ್ನು ಕ್ಯಾಂಟೀನಿನಲ್ಲಿ ಹಿಡಿದು ಕೇಳಿ: ನೀವು ಸ್ವಂತ ಕೈಯಿಂದ ಏನೇನು ಮಾಡಿದ್ದೀರಿ? ವಾರ್ಡಿನಲ್ಲಿ ಹಾಸಿಗೆ ಪಕ್ಕ ನಿಂತು ಪಾಠ ಮಾಡುವ ಮೇಷ್ಟ್ರು ಎಷ್ಟು ಜನ ಇದ್ದಾರೆ? ಇನ್ನೊಂದು ಸಂಗತಿ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದ ಮೇಲೆ ಅದಕ್ಕೆ ಸೇರಿದ ಕಾಲೇಜುಗಳಿಗೆಲ್ಲ ಪ್ರಶ್ನೆಪತ್ರಿಕೆ ಒಂದೇ. ಹಾಸನದ ಹುಡುಗನೂ ಬೆಂಗಳೂರು ಮೆಡಿಕಲ್ ಕಾಲೇಜಿನ ಹುಡುಗನೂ ಬರೆಯುವುದು ಅದನ್ನೇ. ನೀಟ್ ಪಿಜಿಯಲ್ಲಂತೂ ಎಂಬಿಬಿಎಸ್ ಕಾಲೇಜಿನ ಹೆಸರಿಗೆ ಒಂದು ಅಂಕವೂ ಇಲ್ಲ.

ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನವರೇ ಆದ ಡಾ. ಸಿ.ಎನ್. ಮಂಜುನಾಥ್ ಅವರನ್ನು ನೋಡಿ. ಚೋಳೇನಹಳ್ಳಿಯವರು. ಎಂಬಿಬಿಎಸ್ ಮೈಸೂರಿನಲ್ಲಿ, ಎಂಡಿ ಬೆಂಗಳೂರಿನಲ್ಲಿ, ಹೃದ್ರೋಗದ ಡಿಎಂ ಮಂಗಳೂರಿನ ಕೆಎಂಸಿಯಲ್ಲಿ. ಮೂರು ಹಂತಕ್ಕೆ ಮೂರು ಕಾಲೇಜು. ಅವರು ಜಯದೇವದ ನಿರ್ದೇಶಕರಾಗಿದ್ದ ಕಾಲದಲ್ಲಿ, ದುಡ್ಡಿಲ್ಲವೆಂದು ಯಾರನ್ನೂ ಬಾಗಿಲಿನಿಂದ ವಾಪಸು ಕಳಿಸಬಾರದು ಎಂಬುದು ಆ ಸಂಸ್ಥೆಯ ನಡವಳಿಕೆಯಾಯಿತು. ಮೊದಲ ಕಾಲೇಜೇ ಬದುಕಿನ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ನಿದ್ದೆಗೆಡುವ ಮನೆಗಳಿಗೆ ಈ ಹಾದಿ ಧೈರ್ಯ ಕೊಡಬೇಕು. ಮೊದಲ ಕಾಲೇಜಿನಿಂದ ಬೇಕಾದದ್ದು ರೋಗಿಯ ಮೈಮುಟ್ಟಿ ಕಲಿತ ಬುನಾದಿ.

ಜೊತೆಗೆ, ಕಾಲೇಜೆಂದರೆ ಪಕ್ಕದಲ್ಲಿ ಕೂರುವ ಸಹಪಾಠಿಗಳೂ ಹೌದು. ಮೈಸೂರು ಮೆಡಿಕಲ್ ಕಾಲೇಜಿನ ಕೆಲವು ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಜೊತೆಗೂಡಿ 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿಸಿ ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬರ, ಕಾಡುಕುರುಬರ ಹಾಡಿಗಳಿಗೆ ಹೋದರು. ಸರಗೂರಿನಲ್ಲಿ ಆಸ್ಪತ್ರೆ ಎದ್ದಿತು. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿದ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ನೆಲೆ ನಿಂತರು. ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಹೊತ್ತು ಯಾವ ಮಾತು ನಡೆಯುತ್ತದೆ ಎಂಬುದೂ ಕಾಲೇಜಿನ ಗುಣವೇ. ಊರೂರಿನಿಂದ, ಎಲ್ಲ ಬಗೆಯ ಮನೆಗಳಿಂದ ಮಕ್ಕಳು ಬರುವ ಸರ್ಕಾರಿ ಕಾಲೇಜುಗಳಲ್ಲಿ ಆ ಮಾತು ಹುಟ್ಟುವ ಸಾಧ್ಯತೆ ಹೆಚ್ಚೆಂದು ನಾನು ನಂಬಿದ್ದೇನೆ.

ಈಗ ಮೂರನೆಯ ವಿಷಯ, ದುಡ್ಡು. ಇದನ್ನು ಸಭೆಯಲ್ಲಿ ಆಡಲು ಸಂಕೋಚ. ಆದರೆ ಮನೆಯಲ್ಲಿ ನಿಜವಾಗಿ ನಡೆಯುವ ಮಾತು ಇದೇ.

ಇತ್ತೀಚಿನ ವರ್ಷಗಳಲ್ಲಿ ಸರ್ಕಾರಿ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ ಸುಮಾರು 60,000 ರೂಪಾಯಿ ಆಸುಪಾಸು ಶುಲ್ಕ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಸೀಟಿಗೆ ಹೆಚ್ಚುಕಡಿಮೆ ಒಂದೂವರೆ ಲಕ್ಷ. ಅದೇ ಖಾಸಗಿ ಕಾಲೇಜಿನ ಖಾಸಗಿ ಸೀಟಿಗೆ ವರ್ಷಕ್ಕೆ 10 ಲಕ್ಷ ದಾಟುತ್ತದೆ. ಮ್ಯಾನೇಜ್‌ಮೆಂಟ್, ಎನ್‌ಆರ್‌ಐ ಸೀಟುಗಳು ಇನ್ನೂ ಮೇಲೆ. ಒಂದೇ ಬೆಂಚಿನಲ್ಲಿ ಕೂತು, ಒಂದೇ ಪಾಠ ಕೇಳುವ ಮೂವರ ನಡುವೆ ಇಷ್ಟು ಅಂತರ. ಖಾಸಗಿ ಸೀಟಿಗೆಂದು 50 ಲಕ್ಷ ಸಾಲ ಮಾಡಿದರೆ, ಶೇಕಡಾ 10ರ ಬಡ್ಡಿ ಹಿಡಿದರೂ ವರ್ಷಕ್ಕೆ 5 ಲಕ್ಷ. ತಿಂಗಳಿಗೆ 40,000ಕ್ಕೂ ಮೇಲೆ, ಬರೀ ಬಡ್ಡಿ. ಆ ಸಾಲ ಹೊತ್ತ ಡಾಕ್ಟರು ಉದಯಪುರದಲ್ಲಿ ಕ್ಲಿನಿಕ್ ತೆಗೆಯುತ್ತಾನೆಯೇ? ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸಕ್ಕೆ ಅರ್ಜಿ ಹಾಕುತ್ತಾಳೆಯೇ? ಮನಸ್ಸಿದ್ದರೂ ಆಗುವುದಿಲ್ಲ. ಎಲ್ಲಿ ಕೆಲಸ ಮಾಡಬೇಕು, ಯಾರಿಗೆ ಮಾಡಬೇಕು ಎಂಬುದನ್ನು ಬ್ಯಾಂಕು ನಿರ್ಧರಿಸುತ್ತದೆ. ರೋಗಿಗೆ ಬೇಡದ ಪರೀಕ್ಷೆ ಬರೆಯುವ ಒತ್ತಡವೂ ಅಲ್ಲಿಂದಲೇ ಶುರು.

ಖಾಸಗಿ ಕಾಲೇಜಿನಲ್ಲಿ ಓದಿದವರೆಲ್ಲ ಹಾಗೆ ಎಂದು ತಿಳಿಯಬೇಡಿ. ಪಕ್ಕದ ಮಂಡ್ಯದಲ್ಲಿ ಐದು ರೂಪಾಯಿ ಡಾಕ್ಟರೆಂದೇ ಹೆಸರಾದ ಚರ್ಮರೋಗ ತಜ್ಞ ಡಾ. ಎಸ್.ಸಿ. ಶಂಕರೇಗೌಡರು ಎಂಬಿಬಿಎಸ್ ಓದಿದ್ದು ಮಣಿಪಾಲದಲ್ಲಿ. ಅವರು ಬೇಸಾಯವನ್ನೂ ಬಿಡದೆ, ಜಗಲಿಯ ಮೇಲೆ ಕೂತು ರೋಗಿಗಳನ್ನು ನೋಡಿದವರು. ವ್ಯಕ್ತಿಯ ಮನಸ್ಸು ದೊಡ್ಡದು. ಆದರೆ ಹೆಗಲ ಮೇಲೆ ಅರ್ಧ ಕೋಟಿ ಹೊರಿಸಿ ಮನಸ್ಸು ದೊಡ್ಡದಿರಲಿ ಎಂದು ಮಗುವನ್ನು ಕೇಳುವುದು ನ್ಯಾಯವಲ್ಲ.

ತೋಟ ಮಾರಿ ಖಾಸಗಿ ಸೀಟು ಕೊಳ್ಳಬೇಕಾದ ಪರಿಸ್ಥಿತಿ ಇದ್ದರೆ, ಇನ್ನೊಂದು ವರ್ಷ ಓದಿ ನೀಟ್ ಬರೆಯುವುದು ಲೇಸು. ಮಗುವಿನ ಮನಸ್ಸು ಅದಕ್ಕೆ ಒಪ್ಪಬೇಕು, ಬಲವಂತ ಕೂಡದು. ಎಂಬಿಬಿಎಸ್ಸೇ ಆಗಬೇಕೆಂದೂ ಇಲ್ಲ: ಹಾಸನದಲ್ಲೇ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿದೆ, ಒಳ್ಳೆಯ ಹೆಸರಿನದು. ಆಯುರ್ವೇದದಲ್ಲಿ ನಿಜವಾದ ಒಲವಿದ್ದರೆ ಅದೂ ಗೌರವದ ಹಾದಿ. ಎಂಬಿಬಿಎಸ್ ಸಿಗಲಿಲ್ಲವೆಂಬ ನೋವನ್ನಷ್ಟೇ ಹೊತ್ತು ಅಲ್ಲಿಗೆ ಹೋಗಬಾರದು.

ಇನ್ನು ಇಲ್ಲಿ ಸೀಟು ಸಿಗದೆ ವಿದೇಶಕ್ಕೆ ಹೋಗುವ ವಿಚಾರ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಅವನ ದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಒಳ್ಳೆಯ ಅಂಕ ತೆಗೆದ ಹುಡುಗ ಅಷ್ಟು ದೂರ ಹೋಗಬೇಕಾಯಿತಲ್ಲ ಎಂದು ನಾಡೇ ಮರುಗಿತು. ಯುದ್ಧವನ್ನು ಯಾರೂ ಮೊದಲೇ ಕಾಣಲಾರರು. ಆದರೆ ವಿದೇಶಕ್ಕೆ ಕಳಿಸುವವರು ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಓದಿಕೊಳ್ಳಲೇಬೇಕು: ಕನಿಷ್ಠ 54 ತಿಂಗಳ ಕೋರ್ಸು, ಇಂಗ್ಲಿಷ್ ಮಾಧ್ಯಮ, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಬಂದ ಮೇಲೆ ಇಲ್ಲಿ ಅರ್ಹತಾ ಪರೀಕ್ಷೆ. ಏಜೆಂಟರು ವಿಮಾನದ ಟಿಕೆಟಿನವರೆಗೆ ಜೊತೆಗಿರುತ್ತಾರೆ. ಆ ಪರೀಕ್ಷೆಯ ದಿನ ಇರುವುದಿಲ್ಲ.

ಕೊನೆಯ ಭಾಗ: ದೂರ, ಭಾಷೆ, ಪಟ್ಟಿ.

ಹೆಣ್ಣುಮಕ್ಕಳನ್ನು ದೂರ ಕಳಿಸಲು ಮನೆಯವರು ಇಂದಿಗೂ ಹಿಂಜರಿಯುತ್ತಾರೆ. ರಾಯಚೂರಿನಲ್ಲೋ ಬೀದರಿನಲ್ಲೋ ಸರ್ಕಾರಿ ಸೀಟು ಸಿಕ್ಕರೆ ಬಿಡಬೇಡಿ. ಸರ್ಕಾರಿ ಹಾಸ್ಟೆಲಿನಲ್ಲಿ ಇದ್ದು ಓದಿದವರ ಮಾತು ಕೇಳಿ ತೀರ್ಮಾನ ಮಾಡಿ. ಹತ್ತಿರದ ಕಾಲೇಜಿಗೆ ಬೇರೆಯದೇ ಲಾಭವಿದೆ: ರೋಗಿ ಆಡುವ ಮಾತು ಗೊತ್ತಿರುತ್ತದೆ. ಎದೆ ಹಿಂಡ್ದಂಗಾಯ್ತದೆ ಎಂದು ನಮ್ಮ ಅಜ್ಜಿ ಹೇಳಿದಾಗ ಅದು ಯಾವ ನೋವು ಎಂದು ಬಿಡಿಸಿ ಕೇಳಲು ಬರುವವರು ಬೇಕು. ಇಂಗ್ಲಿಷ್ ಪುಸ್ತಕಗಳು ಮೊದಲ ಆರು ತಿಂಗಳು ಕನ್ನಡ ಮಾಧ್ಯಮದ ಮಕ್ಕಳನ್ನು ಹೆದರಿಸುತ್ತವೆ, ಆಮೇಲೆ ಆ ಹೆದರಿಕೆ ಹೋಗುತ್ತದೆ. ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿ ಇರುವುದನ್ನು ಮರೆಯಬೇಡಿ. ಓದಿದ ಶಾಲೆಗಳಿಂದ ಪ್ರಮಾಣಪತ್ರ ತರುವ ಕೆಲಸವನ್ನು ಫಲಿತಾಂಶಕ್ಕೆ ಕಾಯದೆ ಈಗಲೇ ಮುಗಿಸಿ. ಬಿಇಒ ಕಚೇರಿಯಲ್ಲಿ ಜೂನ್ ತಿಂಗಳ ನೂಕುನುಗ್ಗಲು ನೀವು ನೋಡಿದ್ದೀರಿ.

ಇನ್ನು ಆಪ್ಷನ್ ಎಂಟ್ರಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಟ್ಟಿ ತುಂಬುವಾಗ ಬಹಳ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಸಿಗದ ಕಾಲೇಜನ್ನು ಮೇಲೆ ಹಾಕಿದರೆ ಸಿಗುವುದೂ ತಪ್ಪುತ್ತದೆ ಎಂದು. ಹಾಗಾಗುವುದಿಲ್ಲ. ಕಂಪ್ಯೂಟರು ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, ಖಾಲಿ ಇರುವ ಮೊದಲ ಸೀಟನ್ನು ಕೊಡುತ್ತದೆ. ಮೈಸೂರೇ ಬೇಕಿದ್ದರೆ ಮೈಸೂರನ್ನೇ ಮೊದಲು ಬರೆಯಿರಿ. ಹಾಸನ ಎರಡನೆಯದಾಗಿ ಅಲ್ಲೇ ಕಾದಿರುತ್ತದೆ. ಕಟ್ಟಲಾಗದ ಶುಲ್ಕದ ಸೀಟನ್ನು ಪಟ್ಟಿಯ ಯಾವ ಮೂಲೆಯಲ್ಲೂ ಬರೆಯಬೇಡಿ. ಕೊನೆಯ ಸುತ್ತಿನಲ್ಲಿ ಅದು ಬಂದು ಬಿಟ್ಟುಕೊಟ್ಟರೆ ದಂಡ ಬೀಳುತ್ತದೆ. ಮಾಕ್ ಅಲಾಟ್‌ಮೆಂಟ್, ಅಂದರೆ ಅಣಕು ಹಂಚಿಕೆ, ನೋಡಿ ಎದೆಗುಂದಬೇಡಿ, ಅದು ಬದಲಾಗುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಹಂಚುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಎಂಸಿಸಿ. ಸರ್ಕಾರಿ ಕಾಲೇಜುಗಳ ಶೇಕಡಾ 15ರಷ್ಟು ಅಖಿಲ ಭಾರತ ಸೀಟುಗಳೂ ಅಲ್ಲೇ. ಎರಡೂ ಕಡೆಯ ದಿನಾಂಕಗಳನ್ನು ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ನನ್ನ ಸ್ವಂತ ಕ್ರಮವನ್ನು ಕೇಳಿದರೆ ಹೀಗಿದೆ. ರ‍್ಯಾಂಕ್ ಅವಕಾಶ ಕೊಟ್ಟರೆ ಮೈಸೂರು ಅಥವಾ ಬೆಂಗಳೂರು ಮೆಡಿಕಲ್ ಕಾಲೇಜು. ಅದು ಸಿಗದಿದ್ದರೆ ಹಾಸನ, ಮಂಡ್ಯ. ಬೆಂಗಳೂರಿನ ಹೆಸರುವಾಸಿ ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕಿಂತ ಇವೆರಡನ್ನೂ ನಾನು ಮೇಲೆ ಇಡುತ್ತೇನೆ. ಖಾಸಗಿಯಲ್ಲೇ ಸರ್ಕಾರಿ ಕೋಟಾ ಸಿಕ್ಕುವುದಾದರೆ ಬಿ.ಜಿ. ನಗರದಂಥ, ಸುತ್ತ ಹಳ್ಳಿಗಳಿರುವ, ನಮ್ಮಂಥ ಜನರೇ ರೋಗಿಗಳಾಗಿ ಬರುವ ಆಸ್ಪತ್ರೆ. ನೀವು ಹೋಗಿ ನೋಡಿ, ಬೇರೆ ಕ್ರಮಕ್ಕೆ ಬಂದರೆ ಅದನ್ನೇ ಹಿಡಿಯಿರಿ.

ಸಂಘಟಕರಲ್ಲಿ ಒಂದು ಕೋರಿಕೆ ಇಟ್ಟಿದ್ದೇನೆ, ಅವರು ಒಪ್ಪಿದ್ದಾರೆ. ನಮ್ಮ ಹೋಬಳಿಯ ಮಕ್ಕಳು ಯಾವ ಯಾವ ವೈದ್ಯಕೀಯ ಕಾಲೇಜುಗಳಲ್ಲಿ ಓದುತ್ತಿದ್ದಾರೆ ಎಂಬ ಪಟ್ಟಿ ಮಾಡಿ, ಪ್ರತಿ ವರ್ಷ ಕೌನ್ಸೆಲಿಂಗ್‌ಗೆ ಮುಂಚೆ ಒಂದು ಭಾನುವಾರ ಅವರಲ್ಲಿ ಬರಲು ಸಾಧ್ಯವಾದವರನ್ನು ಇಲ್ಲಿ ಕೂರಿಸುವುದು. ವಾರ್ಡಿನಲ್ಲಿ ನಿನ್ನೆ ಏನು ಮಾಡಿದೆ ಎಂದು ಅವರು ಹೇಳಲಿ, ತಂದೆತಾಯಂದಿರು ಕೇಳಲಿ. ಹೊರಗೆ ಮೇಜಿನ ಮೇಲೆ ಪುಸ್ತಕ ಇಟ್ಟಿದೆ. ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಅಂಥ ವಿದ್ಯಾರ್ಥಿ ಇದ್ದರೆ, ಅವರನ್ನು ಕೇಳಿ ಒಪ್ಪಿಗೆ ಪಡೆದು, ಹೆಸರನ್ನೂ ಕಾಲೇಜನ್ನೂ ಅದರಲ್ಲಿ ಬರೆದು ಹೋಗಿ. ಊಟದ ಹೊತ್ತಿನವರೆಗೆ ನಾನು ಅಲ್ಲೇ ಇರುತ್ತೇನೆ. ರ‍್ಯಾಂಕ್ ಪಟ್ಟಿ ಹಿಡಿದು ಬಂದಿರುವವರು ಅಲ್ಲಿಗೇ ಬನ್ನಿ, ಒಂದೊಂದಾಗಿ ನೋಡೋಣ.